ಮಕ್ಕಳೊಂದಿಗೆ ಜಲಾಂತರ್ಗಾಮಿ ನೋಡಲು ಹೊರಡುವ ದಾವಣಗೆರೆ, ಚಿತ್ರದುರ್ಗದ ಪಾಲಕರಿಗೆ

ದಾವಣಗೆರೆಯ ಮಕ್ಕಳಿಗೆ ದೊಡ್ಡ ನೀರೆಂದರೆ ಸೂಳೆಕೆರೆ, ಚಿತ್ರದುರ್ಗದ ಮಕ್ಕಳಿಗೆ ವಾಣಿವಿಲಾಸ ಸಾಗರ. ಸಮುದ್ರವನ್ನೇ ಕಾಣದ ಮಗುವನ್ನು ನೇರವಾಗಿ, ಈಗ ವಸ್ತುಸಂಗ್ರಹಾಲಯವಾಗಿರುವ ವಿಶಾಖಪಟ್ಟಣದ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯೊಳಗೆ ನಿಲ್ಲಿಸಿದರೆ, ಅದಕ್ಕೆ ಕಾಣುವುದು ಕೊಳವೆ, ಮಾಪಕ, ಚಕ್ರಗಳ ಗೊಂದಲ ಮಾತ್ರ. ಆದ್ದರಿಂದ ರೈಲಿನ ಟಿಕೆಟ್ ಕಾಯ್ದಿರಿಸಿದ ದಿನವೇ ಮನೆಯಲ್ಲಿ ಸಿದ್ಧತೆ ಆರಂಭವಾಗಲಿ.

ಮೊದಲು ಒಂದು ಪ್ರಯೋಗ. ತುದಿಯಲ್ಲಿ ರಂಧ್ರವಿಲ್ಲದ ಪೆನ್ನಿನ ಮುಚ್ಚಳದ ಬಾಯಿಯ ಅಂಚಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ, ಅದು ಬಾಯಿ ಕೆಳಗಾಗಿ ನೀರಿನಲ್ಲಿ ತೇಲಿಯೂ ತೇಲದಂತೆ ನಿಲ್ಲುವವರೆಗೆ ಮಣ್ಣನ್ನು ಹೆಚ್ಚುಕಡಿಮೆ ಮಾಡಿಕೊಳ್ಳಿ. ಬಳಿಕ ಅದನ್ನು ಅಂಚಿನವರೆಗೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯೊಳಗೆ ಬಿಟ್ಟು ಬಿರಡೆ ಬಿಗಿಯಿರಿ. ಬಾಟಲಿಯನ್ನು ಅಮುಕಿದಾಗ ಮುಚ್ಚಳದೊಳಗಿನ ಗಾಳಿ ಕುಗ್ಗಿ, ಅಲ್ಲಿಗೆ ನೀರು ಹೊಕ್ಕು, ಮುಚ್ಚಳ ಮುಳುಗುತ್ತದೆ. ಕೈ ಸಡಿಲಿಸಿದರೆ ಏಳುತ್ತದೆ. ಜಲಾಂತರ್ಗಾಮಿಯೂ ತನ್ನ ತೊಟ್ಟಿಗಳಿಗೆ ಸಮುದ್ರದ ನೀರನ್ನು ತುಂಬಿಕೊಂಡು ಮುಳುಗುತ್ತದೆ, ಒತ್ತಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರದಬ್ಬಿ ಮೇಲೇಳುತ್ತದೆ. ಇದನ್ನು ಮಕ್ಕಳು ತಾವೇ ಮಾಡಲಿ. ಎರಡು ಮೂರು ಬಾರಿ ಕೆಟ್ಟರೂ ಚಿಂತೆಯಿಲ್ಲ.

ನೀರಿನ ಒತ್ತಡವನ್ನು ನಮ್ಮ ಜಿಲ್ಲೆಯ ಲೆಕ್ಕದಲ್ಲಿಯೇ ಹೇಳುವುದು ಒಳ್ಳೆಯದು. ಪ್ರತಿ 10 ಮೀಟರ್ ಆಳಕ್ಕೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತದೆ. ವಾಣಿವಿಲಾಸ ಸಾಗರ ಕೋಡಿ ಬೀಳುವ 130 ಅಡಿ ಎಂದರೆ ಸುಮಾರು 40 ಮೀಟರ್, ಅಂದರೆ ನಾಲ್ಕು ಕಿಲೋ. ಕುರ್ಸುರಾ 250 ಮೀಟರ್ ಆಳಕ್ಕೆ ಇಳಿಯಬಲ್ಲದಾಗಿತ್ತು. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ 25 ಕಿಲೋ ಅಕ್ಕಿ ಚೀಲವನ್ನು ಇಟ್ಟಂತೆ. ಒಳಗೆ ಹೋದಾಗ ಒಡಲೂ ಬಾಗಿಲೂ ಏಕೆ ದುಂಡಗಿವೆ ಎಂದು ಕೇಳಿ ನೋಡಿ, ಈ ಲೆಕ್ಕ ಗೊತ್ತಿರುವ ಮಗು ಉತ್ತರವನ್ನು ತಾನೇ ಹುಡುಕುತ್ತದೆ.

ಹೊರಡುವ ಮುನ್ನ ಒಂದು ಭಾನುವಾರ ಐಮಂಗಲದ ಸಮೀಪದ ಮರಡಿಹಳ್ಳಿಗೆ ಹೋಗಿಬರಬೇಕೆಂಬುದು ನನ್ನ ಒತ್ತಾಯದ ಸಲಹೆ. ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾರಸ ನೀರು ತಾಗಿದೊಡನೆ ಮೇಲ್ಮೈ ಗಟ್ಟಿಯಾಗಿ ಈ ಆಕಾರ ಪಡೆದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆಯಲ್ಲಿ ಒಂದು ಕಾಲದ ನೀರಿನ ತಳವನ್ನು ಮಕ್ಕಳು ಕೈಯಿಂದ ಮುಟ್ಟಬಹುದು. ಚೂರನ್ನೂ ಒಡೆದು ತರಬಾರದು.

ವಿಶಾಖಪಟ್ಟಣಕ್ಕೆ ಬಳ್ಳಾರಿ, ಗುಂತಕಲ್ಲು, ವಿಜಯವಾಡ ಮಾರ್ಗದ ರೈಲು ಪ್ರಯಾಣ ದೀರ್ಘವಾದುದರಿಂದ, ತಲುಪಿದ ದಿನ ವಿಶ್ರಾಂತಿ ಪಡೆದು ಮರುದಿನ ನೋಡುವುದು ಲೇಸು. ಸೋಮವಾರ ಬೇಡ, ಅಂದು ರಜೆ. ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ.

1969ರ ಡಿಸೆಂಬರ್ 18ರಂದು ನೌಕಾಪಡೆಯನ್ನು ಸೇರಿ 2001ರಲ್ಲಿ ನಿವೃತ್ತಿಯಾದ ಕುರ್ಸುರಾ, 2002ರಿಂದ ರಾಮಕೃಷ್ಣ ಕಡಲತೀರದಲ್ಲಿ ನಿಂತಿದೆ. ಉದ್ದ 91 ಮೀಟರ್‌ಗೂ ಹೆಚ್ಚಿದ್ದರೂ ಒಳದಾರಿ ತೀರ ಇಕ್ಕಟ್ಟು. ಒಂದು ವಿಭಾಗದಿಂದ ಇನ್ನೊಂದಕ್ಕೆ ದುಂಡು ಕಿಂಡಿಯಲ್ಲಿ ಮೊದಲು ಕಾಲು ಹಾಕಿ, ತಲೆ ತಗ್ಗಿಸಿ ದಾಟಬೇಕು. ಇಕ್ಕಟ್ಟಿಗೆ ಹೆದರುವ ಮಗುವಿದ್ದರೆ ಮನೆಯಲ್ಲಿ ಮಂಚದ ಕೆಳಗೆ ತೂರುವ ಆಟ ಆಡಿಸಿ ರೂಢಿ ಮಾಡಿಸಿ. ಆಗಲೂ ಅಂಜಿದರೆ ಒತ್ತಾಯಿಸದೆ ಹೊರಗೆ ಒಬ್ಬರು ಜೊತೆಗಿರಿ. ಎಳೆಯ ಮಕ್ಕಳನ್ನು ಎತ್ತಿಕೊಳ್ಳಲು ಕೈಗಳು ಖಾಲಿಯಿರಲಿ.

ಒಳಗೆ ಎಲ್ಲವನ್ನೂ ತೋರಿಸುವ ಅವಸರ ಬೇಡ. ಟಾರ್ಪೆಡೊ, ಅಂದರೆ ನೀರೊಳಗೆ ಸಾಗಿ ಹಡಗನ್ನು ಒಡೆಯುವ ಸಿಡಿಗುಂಡನ್ನು ಹಾರಿಸುವ ಮುಂಭಾಗದ ಆರು ಕೊಳವೆಗಳ ಬಳಿ ತುಸು ನಿಲ್ಲಿ. ಹಿಂಭಾಗದಲ್ಲಿ ಇನ್ನು ನಾಲ್ಕಿವೆ, ಎಣಿಸುವ ಕೆಲಸ ಮಕ್ಕಳದ್ದು. ನಾವಿಕರ ಮಲಗುವ ಹಲಗೆಗಳನ್ನೂ ಅಡುಗೆಮನೆಯನ್ನೂ ನೋಡುವಾಗ, ಸುಮಾರು 75 ಮಂದಿ ಇಲ್ಲಿ ದಿನಗಟ್ಟಲೆ ಬಿಸಿಲು ಕಾಣದೆ ಇದ್ದರೆಂದು ಹೇಳಿ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕಾದ್ದರಿಂದ ಆಳದಲ್ಲಿ ಓಡುತ್ತಿದ್ದುದು ಬ್ಯಾಟರಿಯಿಂದ. ಶಬ್ದದ ನೆರವಿನಿಂದ ನೀರೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ಸೋನಾರ್ ಕೋಣೆಯನ್ನು ಮಾತ್ರ ತಪ್ಪಿಸಬಾರದು. ರೇಡಿಯೊ ಅಲೆಗಳು ಸಮುದ್ರದ ನೀರಿನಲ್ಲಿ ಬಹುಬೇಗ ಕುಂದುತ್ತವೆ, ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಜಲಾಂತರ್ಗಾಮಿಗೆ ಕಣ್ಣಿಗಿಂತ ಕಿವಿಯೇ ಆಧಾರ. ವಿವರಿಸಲು ನಿವೃತ್ತ ನಾವಿಕರು ಇರುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ತೆಲುಗು ಬಲ್ಲ ಬಂಧುವೊಬ್ಬರು ಜೊತೆಗಿದ್ದರೆ ಮಕ್ಕಳ ಪ್ರಶ್ನೆಗಳು ಸಲೀಸಾಗಿ ಅವರನ್ನು ತಲುಪುತ್ತವೆ.

ರಸ್ತೆಯ ಆಚೆ ಟಿಯು-142 ವಿಮಾನವನ್ನು ಇರಿಸಲಾಗಿದೆ. ಜಲಾಂತರ್ಗಾಮಿಗಳನ್ನು ಹುಡುಕುವುದೇ ಅದರ ಕೆಲಸವಾಗಿದ್ದುದರಿಂದ ಎರಡನ್ನೂ ಒಂದೇ ದಿನ ನೋಡುವುದು ಉಚಿತ. ಕಡಲತೀರದ ಅಲೆಗಳು ಬಲವಾದುವು. ಮಕ್ಕಳನ್ನು ಈಜಲು ಬಿಡಬಾರದು. ಅಂಚಿನಿಂದ ಒಂದು ಲೀಟರ್ ನೀರನ್ನು ಬಾಟಲಿಯಲ್ಲಿ ತುಂಬಿ ತಂದು, ಬಟ್ಟೆಯಲ್ಲಿ ಸೋಸಿ, ದಾವಣಗೆರೆಯ ಬಿಸಿಲಿಗೆ ಅಗಲವಾದ ತಟ್ಟೆಯಲ್ಲಿ ಇಡಿ. ಪೂರ್ತಿ ಆರಿದ ಮೇಲೆ ಉಳಿಯುವ ಉಪ್ಪನ್ನು ಮಕ್ಕಳೇ ಕೆರೆದು ತೂಗಲಿ.