ಬಯಲಾಟವನ್ನು ವಿಡಿಯೊ ಮಾಡಲು ಕಲಿತದ್ದು

ಊರಿನ ಗದ್ದೆಯಲ್ಲಿ ನಡೆದ ಯಕ್ಷಗಾನವನ್ನು ಮೊದಲ ಸಲ ಚಿತ್ರೀಕರಿಸಿ, ಬೆಳಿಗ್ಗೆ ಮನೆಗೆ ಬಂದು ನೋಡಿದಾಗ ಹೊಟ್ಟೆ ಕಿವುಚಿದಂತಾಯಿತು. ಚಿತ್ರದ ತುಂಬ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು. ಕಲಾವಿದರು ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಮುಖವರ್ಣಿಕೆ ಬೆಳ್ಳಗೆ ಅಳಿಸಿಹೋಗಿತ್ತು.

ಪಟ್ಟಿಗಳಿಗೆ ಕಾರಣ ನಮ್ಮ ವಿದ್ಯುತ್ತು. ಅದು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಆವರ್ತ, ಒಂದೊಂದು ಆವರ್ತಕ್ಕೂ ಎರಡು ಮಿಣುಕು; ಅದರಿಂದ ಉರಿಯುವ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ನಾನು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡ್ ಇಟ್ಟಿದ್ದೆ. ಈಗ 25 ಫ್ರೇಮ್, ಶಟರ್ 1/50. ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಸರಿಯಾಗಿ ಎರಡು ಮಿಣುಕು ಮುಗಿಯುವುದರಿಂದ ಪಟ್ಟಿ ಮೂಡುವುದಿಲ್ಲ. ಕಲಾವಿದರು ಧಿಗಿಣ ಹಾಕುವಾಗ, ಅಂದರೆ ಗಿರಗಿರನೆ ಸುತ್ತಿ ಹಾರುವಾಗ, ಚಿತ್ರ ಚೂಪಾಗಿರಲಿ ಎಂದು ಒಮ್ಮೆ 1/500ಕ್ಕೆ ಏರಿಸಿದ್ದೆ. ಕುಣಿತ ತುಂಡುತುಂಡಾಗಿ ಕಂಡಿತು, ಬೆಳಕೂ ಸಾಲಲಿಲ್ಲ. ಸುತ್ತುವ ವೇಷ ತುಸು ಮಸುಕಾದರೇ ಚೆಂದ, ಕಣ್ಣಿಗೂ ಅದು ಹಾಗೆಯೇ ಕಾಣುವುದು.

ಮುಖ ಅಳಿಸಿಹೋದದ್ದು ಆಟೊ ಎಕ್ಸ್‌ಪೋಷರ್‌ನಿಂದ, ಅಂದರೆ ಬೆಳಕಿನ ಪ್ರಮಾಣವನ್ನು ಕ್ಯಾಮೆರಾಕ್ಕೇ ಬಿಟ್ಟದ್ದರಿಂದ. ರಂಗಸ್ಥಳದ ಹಿಂದಿನ ಕತ್ತಲನ್ನು ಕಂಡ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೊರಡುತ್ತದೆ. ಹಾಗಾಗಿ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/2.8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಎಂದು ಕೈಯಾರೆ ಇಟ್ಟುಕೊಂಡು, ಕಥೆಗೆ ಮುಂಚಿನ ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುವಾಗ ಅವರ ಮುಖವನ್ನೇ ನೋಡಿ ಹೆಚ್ಚುಕಡಿಮೆ ಮಾಡುತ್ತೇನೆ. ಮುಖ್ಯ ವೇಷಗಳು ಬರುವ ಹೊತ್ತಿಗೆ ಎಲ್ಲವೂ ಸಿದ್ಧ. ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಬಣ್ಣದ ಹೊಂದಿಕೆಯನ್ನು, ಆಟಕ್ಕೆ ಮೊದಲೇ ಅದೇ ದೀಪಗಳ ಕೆಳಗೆ ಬಿಳಿ ಕಾಗದ ಹಿಡಿದು ಗಟ್ಟಿ ಮಾಡಿಬಿಡುತ್ತೇನೆ. ಆಟೊದಲ್ಲಿ ಬಿಟ್ಟರೆ ಕೆಂಪು ವೇಷ ಹತ್ತಿರ ಬಂದಂತೆಲ್ಲ ಇಡೀ ಚಿತ್ರದ ಬಣ್ಣ ಬದಲಾಗುತ್ತದೆ.

ಧ್ವನಿಯ ವಿಷಯದಲ್ಲಿ ನಾನು ಹಟಮಾರಿ. ದನಿಯ ಮಟ್ಟ ಆಟೊದಲ್ಲಿದ್ದರೆ ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಭಾಗವತರ ದನಿ ಕುಗ್ಗಿ, ಮತ್ತೆ ಉಬ್ಬುತ್ತದೆ. ಪದ್ಯದ ಪ್ರಾಣವೇ ಹೋಗುತ್ತದೆ. ಆಟಕ್ಕೆ ಮುಂಚೆ ‘ಕೇಳಿ’ (ಆಟವಿದೆಯೆಂದು ಸಾರುವ ಚೆಂಡೆವಾದನ) ಬಾರಿಸುವಾಗಲೇ ಹೋಗಿ, ಚೆಂಡೆಯ ಅತಿ ಜೋರಿನ ಪೆಟ್ಟು, ಸೊನ್ನೆ ದಾಟಿದರೆ ದನಿ ಒಡೆಯುವ ಮಾಪಕದಲ್ಲಿ, ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸುತ್ತೇನೆ. ಟ್ರೈಪಾಡ್ ಸದಾ ಬದಿಯಲ್ಲಿ. ಚಾಪೆ ಹಾಸಿ ಕುಳಿತ ಹಿರಿಯರಿಗೆ ಆಟ ಮರೆಯಾಗಬಾರದು.

ಕಷ್ಟದ ಘಳಿಗೆಯೆಂದರೆ ಬಣ್ಣದ ವೇಷ (ರಾಕ್ಷಸ ಪಾತ್ರ) ದೊಂದಿ ಹಿಡಿದು ಬಂದು, ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುವುದು. ಆಗಷ್ಟೇ ಐಎಸ್‌ಒ 800ಕ್ಕೆ ಇಳಿಸುತ್ತೇನೆ. ಜ್ವಾಲೆಯ ನಡುಭಾಗ ಬೆಳ್ಳಗಾದರೆ ಆಗಲಿ, ಆ ಬೆಳಕಿನಲ್ಲಿ ಹೊಳೆಯುವ ಮುಖ ಉಳಿಯಬೇಕು.