ಹಣ್ಣಿನ ಕಾಬ್ಲರ್: ಹಿಟ್ಟು ಸುರಿದ ಮೇಲೆ ಕೈ ಕಟ್ಟಿಕೊಂಡಿರಿ

ಕಳೆದ ತಿಂಗಳು ಮನೆಗೆ ಬಂದಿದ್ದ ನನ್ನ ತಂಗಿಯ ಮೊಮ್ಮಗಳು ಹಣ್ಣಿನ ಕಾಬ್ಲರ್, ಅಂದರೆ ಹಣ್ಣನ್ನೂ ಹಿಟ್ಟನ್ನೂ ಒಟ್ಟಿಗೆ ಓವನ್‌ನಲ್ಲಿ ಬೇಯಿಸುವ ಸಿಹಿತಿನಿಸು, ಮಾಡುತ್ತೇನೆಂದು ಅಡುಗೆಮನೆ ಹೊಕ್ಕಳು. ಕರಗಿದ ಬೆಣ್ಣೆಯ ಮೇಲೆ ಹಾಲಿನಲ್ಲಿ ಕಲಸಿದ ಹಿಟ್ಟು ಸುರಿದಳು, ಹಿಟ್ಟಿನ ಮೇಲೆ ಡಬ್ಬಿಯ ಪೀಚ್ ಹೋಳುಗಳನ್ನು ಹರವಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ, ನಾನು ಬೇಡವೆನ್ನುವಷ್ಟರಲ್ಲಿ, ದೊಡ್ಡ ಚಮಚವೊಂದನ್ನು ಎತ್ತಿಕೊಂಡು ಮೂರನ್ನೂ ಸೇರಿಸಿ ಗರಗರನೆ ಕಲಕಿಬಿಟ್ಟಳು. ಮುಕ್ಕಾಲು ಗಂಟೆಯ ನಂತರ ಓವನ್‌ನಿಂದ ಹೊರಬಂದದ್ದು ಕಾಬ್ಲರ್ ಅಲ್ಲ. ಅಂಚೂ ಇಲ್ಲದ, ಮೇಲ್ಪದರವೂ ಇಲ್ಲದ, ನಡುವೆ ಅಂಟಂಟಾಗಿ ಉಳಿದ ಜಿಡ್ಡಿನ ಮುದ್ದೆ. "ಅಜ್ಜಿ, ಬೇಕಿಂಗ್ ಪೌಡರ್ ಹಳೆಯದಿರಬೇಕು" ಎಂದಳು. ಬೇಕಿಂಗ್ ಪೌಡರ್ ಚೆನ್ನಾಗಿಯೇ ಇತ್ತು, ತಪ್ಪೆಲ್ಲ ಸುಮ್ಮನಿರದ ಕೈಯದು. ಇದೇ ತಪ್ಪನ್ನು ಎಷ್ಟು ಮನೆಗಳಲ್ಲಿ ಕಂಡಿದ್ದೇನೆಂದರೆ, ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುವ ಬದಲು ಒಮ್ಮೆ ಕುಳಿತು ಬರೆದುಬಿಡುವುದೇ ವಾಸಿ ಎನಿಸಿತು.

ಡಬ್ಬಿಯ ಹಣ್ಣು ಬಳಸಿದರೆ ಅಡುಗೆಗೆ ಅವಮಾನವೆಂದು ಕೆಲವರು ತಿಳಿದಿದ್ದಾರೆ. ಕಾಬ್ಲರ್ ಹುಟ್ಟಿದ್ದೇ ಅನುಕೂಲಗಳಿಲ್ಲದ ಅಡುಗೆಯಿಂದ. ಅಮೆರಿಕಕ್ಕೆ ವಲಸೆ ಹೋದವರು ಸರಿಯಾದ ಓವನ್ನೂ ನಯವಾಗಿ ಲಟ್ಟಿಸಿದ ಹಿಟ್ಟಿನ ಹಾಳೆಯೂ ಇಲ್ಲದೆ, ಇದ್ದ ಹಣ್ಣಿನ ಮೇಲೆ ಇದ್ದ ಹಿಟ್ಟನ್ನು ಹಾಕಿ ಬೇಯಿಸಿಕೊಂಡ ತಿನಿಸು ಇದು. ಆದ್ದರಿಂದ ಕಪಾಟಿನಲ್ಲಿರುವುದನ್ನು ತೆಗೆದು ಮಾಡುವುದರಲ್ಲಿ ಸಂಕೋಚವೇನೂ ಬೇಡ. ಸಂಕೋಚ ಪಡಬೇಕಾದದ್ದು ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ಮಾಡುವುದಕ್ಕೆ.

ಡಬ್ಬಿಯ ಹಣ್ಣಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು ಗಟ್ಟಿ ಸಕ್ಕರೆ ಪಾಕದಲ್ಲಿ ಮುಳುಗಿದ್ದು, ಇನ್ನೊಂದು ತನ್ನದೇ ರಸದಲ್ಲಿರುವುದು. ಎರಡನೆಯದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಪಾಕದ್ದೇ ಮನೆಯಲ್ಲಿದ್ದರೆ ಹಣ್ಣನ್ನು ಚೆನ್ನಾಗಿ ಸೋಸಿ, ಪಾಕವನ್ನು ಚೆಲ್ಲದೆ ಬೇರೆ ಬಟ್ಟಲಿನಲ್ಲಿ ಇಟ್ಟುಕೊಂಡು, ಹಿಟ್ಟಿಗೆ ಹಾಕುವ ಸಕ್ಕರೆಯಲ್ಲಿ ಕಾಲು ಭಾಗವನ್ನೋ ಮೂರನೇ ಒಂದು ಭಾಗವನ್ನೋ ಕಡಿಮೆ ಮಾಡಿ. ಡಬ್ಬಿಯ ಹಣ್ಣು ಎಷ್ಟೇ ಒಳ್ಳೆಯದಾಗಿದ್ದರೂ ಅದರ ರುಚಿ ಸ್ವಲ್ಪ ಮಂಕಾಗಿರುತ್ತದೆ. ಅರ್ಧ ನಿಂಬೆಹಣ್ಣಿನ ರಸವೂ ಒಂದು ಚಿಟಿಕೆ ಉಪ್ಪೂ ಬಿದ್ದರೆ ಅದು ಮತ್ತೆ ಹಣ್ಣಿನಂತೆ ರುಚಿಸತೊಡಗುತ್ತದೆ. ಚಕ್ಕೆ ಪುಡಿ, ಜಾಯಿಕಾಯಿ ನಿಮ್ಮಿಷ್ಟ. ಜಾಯಿಕಾಯಿಯನ್ನು ಆಗಲೇ ತುರಿದು ಹಾಕಿ, ಪುಡಿ ಮಾಡಿ ವರ್ಷಗಟ್ಟಲೆ ಇಟ್ಟದ್ದರಲ್ಲಿ ಬಣ್ಣ ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ.

ಫ್ರೀಜರ್‌ನಲ್ಲಿಟ್ಟ ಚೆರ್ರಿ, ಬ್ಲೂಬೆರ್ರಿಗಳೂ ಆಗುತ್ತವೆ. ಆದರೆ ಮಂಜುಗಡ್ಡೆಯಂತಹ ಹಣ್ಣನ್ನು ನೇರವಾಗಿ ಹಿಟ್ಟಿನ ಮೇಲೆ ಸುರಿದರೆ ಕೆಳಗಿನ ಹಿಟ್ಟು ತಣ್ಣಗಾಗಿ ಹಸಿಯಾಗಿಯೇ ಉಳಿಯುತ್ತದೆ, ಕರಗಿದ ನೀರು ಪಾತ್ರೆಯ ತಳದಲ್ಲಿ ನಿಲ್ಲುತ್ತದೆ. ಅದನ್ನು ಮೊದಲು ಒಲೆಯ ಮೇಲೆ ಬೆಚ್ಚಗೆ ಮಾಡಿ, ಬಿಟ್ಟ ರಸಕ್ಕೆ ಒಂದೆರಡು ಚಮಚ ಕಾರ್ನ್‌ಫ್ಲೋರ್ ಸೇರಿಸಬೇಕು. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿಯೇ ಹಾಕಬೇಕು, ಬಿಸಿ ರಸಕ್ಕೆ ಒಣಪುಡಿ ಉದುರಿಸಿದರೆ ಗಂಟುಗಳಾಗುತ್ತವೆ. ಹಾಕಿದ ಮೇಲೆ ರಸ ಒಮ್ಮೆ ಗುಳುಗುಳು ಕುದಿ ಬರಲೇಬೇಕು, ಏಕೆಂದರೆ ಕುದಿಯುವ ಬಿಸಿಯ ಹತ್ತಿರ ಬಂದಾಗಲೇ ಅದು ಸರಿಯಾಗಿ ಗಟ್ಟಿಯಾಗುವುದು. ಮಸುಕು ಹೋಗಿ ರಸ ಹೊಳೆಯತೊಡಗಿದ ಕ್ಷಣಕ್ಕೆ ಒಲೆ ಆರಿಸಿ.

ಇನ್ನು ಹಿಟ್ಟು. ಒಂದು ಬಟ್ಟಲು ಮೈದಾ, ಒಂದು ಬಟ್ಟಲು ಹಾಲು, ಒಂದು ಬಟ್ಟಲಿಗೆ ತುಸು ಕಡಿಮೆ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಮೊಟ್ಟೆ ಬೇಕಿಲ್ಲ. ಯಾವ ಬಟ್ಟಲು ಎಂದು ಕೇಳಬೇಡಿ. ನಿಮ್ಮ ಮನೆಯ ಯಾವುದಾದರೂ ಬಟ್ಟಲು ಆಗುತ್ತದೆ, ಮೂರಕ್ಕೂ ಅದನ್ನೇ ಬಳಸಿದರೆ ಸಾಕು. ಕೆಲವರು ಬೇಕಿಂಗ್ ಪೌಡರ್ ಮೊದಲೇ ಬೆರೆತಿರುವ ಮೈದಾವನ್ನೋ, ಪ್ಯಾನ್‌ಕೇಕ್ ಮಿಕ್ಸನ್ನೋ ಬಳಸುತ್ತಾರೆ. ಬಳಸಲಿ, ಅವೂ ಚೆನ್ನಾಗಿಯೇ ಬರುತ್ತವೆ. ಆದರೆ ಅವುಗಳಲ್ಲಿ ಉಬ್ಬಿಸುವ ಪುಡಿಯೂ ಹಲವು ಸಲ ಉಪ್ಪೂ ಆಗಲೇ ಇರುತ್ತವೆ ಎಂಬುದನ್ನು ಮರೆತು ಮತ್ತೆ ಬೇಕಿಂಗ್ ಪೌಡರ್ ಹಾಕುವವರನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಹಿಟ್ಟು ಭರ್ರನೆ ಉಬ್ಬಿ ಹಾಗೆಯೇ ಕುಸಿದುಬಿಡುತ್ತದೆ, ನಾಲಿಗೆಯ ಮೇಲೆ ಕಹಿ ನಿಲ್ಲುತ್ತದೆ. ಅಡುಗೆ ಸೋಡಾವನ್ನು ಬೇಕಿಂಗ್ ಪೌಡರ್ ಎಂದು ಹಾಕುವುದಂತೂ ಇನ್ನೂ ದೊಡ್ಡ ತಪ್ಪು. ಸೋಡಾ ಕೆಲಸ ಮಾಡಲು ಹುಳಿ ಬೇಕು, ಹುಳಿಯಿಲ್ಲದ ಹಿಟ್ಟಿನಲ್ಲಿ ಅದು ಸಾಬೂನಿನ ರುಚಿಯನ್ನಷ್ಟೇ ಕೊಡುತ್ತದೆ. ಹಾಲು ಮುಗಿದಿದ್ದರೆ ಹಾಲಿನ ಪುಡಿಯನ್ನು ನೀರಿನಲ್ಲಿ ಕದಡಿಕೊಳ್ಳಿ, ತಿನ್ನುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕೇಕ್ ಮಿಕ್ಸಿನ ಒಣಪುಡಿಯನ್ನೇ ಹಣ್ಣಿನ ಮೇಲೆ ಉದುರಿಸಿ, ನಾಲ್ಕು ತುಂಡು ಬೆಣ್ಣೆ ಇಟ್ಟು ಓವನ್‌ಗೆ ತಳ್ಳುವ ವಿಧಾನವೂ ಒಂದಿದೆ. ಬೆಣ್ಣೆ ತಾಗಿದಲ್ಲಿ ಅದು ಬಿಸ್ಕತ್ತಿನಂತಾಗುತ್ತದೆ, ತಾಗದಲ್ಲಿ ಹಸಿ ಪುಡಿ ಬಿಳಿಯಾಗಿ ಹಾಗೆಯೇ ಉಳಿಯುತ್ತದೆ. ನನಗೆ ಆ ವಿಧಾನ ಒಪ್ಪಿಗೆಯಾಗಿಲ್ಲ.

ಬೇಕಿಂಗ್ ಪೌಡರ್ ಮಾತು ಬಂದದ್ದರಿಂದ ಕಪಾಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹೊಸದಾಗಿ ತಂದ ಹಣ್ಣಿನ ಡಬ್ಬಿಯನ್ನು ಹಿಂದಕ್ಕೆ ಇಟ್ಟು ಹಳೆಯದನ್ನು ಮುಂದಕ್ಕೆ ಎಳೆಯಬೇಕು. ಕೈಗೆ ಸಿಕ್ಕಲ್ಲಿ ತುರುಕಿದರೆ ಮೂಲೆಯಲ್ಲಿರುವುದು ಅವಧಿ ಮುಗಿದು ಉಬ್ಬಿ ನಿಲ್ಲುತ್ತದೆ. ಹಾಗೆ ಉಬ್ಬಿದ ಡಬ್ಬಿಯನ್ನು ತೆರೆದು ರುಚಿ ನೋಡಲು ಹೋಗದೆ ಎಸೆದುಬಿಡಿ. ಬೇಕಿಂಗ್ ಪೌಡರಿನ ಡಬ್ಬಿಯ ಮೇಲೆ ತೆರೆದ ದಿನಾಂಕವನ್ನು ಬರೆದಿಡಿ. ಅನುಮಾನ ಬಂದರೆ ಅರ್ಧ ಚಮಚ ಪುಡಿಯ ಮೇಲೆ ಬಿಸಿನೀರು ಹಾಕಿ ನೋಡಿ: ಜೋರಾಗಿ ನೊರೆ ಬಂದರೆ ಜೀವವಿದೆ, ಸುಮ್ಮನೆ ಕರಗಿ ಕುಳಿತರೆ ಇಲ್ಲ.

ಈಗ ಬೆಣ್ಣೆಗೆ ಬರುತ್ತೇನೆ. ಕಾಬ್ಲರ್ ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲಿಯೇ. ಇದನ್ನು ನನಗೆ ಕಲಿಸಿದವರು ನನ್ನ ಚಿಕ್ಕತ್ತೆ. ಮದುವೆಯಾದ ಹೊಸತರಲ್ಲಿ, ಹೇಳದೆ ಕೇಳದೆ ಆರು ಜನ ನೆಂಟರು ಬಂದಿಳಿದ ಒಂದು ಸಂಜೆ, ಮನೆಯಲ್ಲಿದ್ದದ್ದು ಒಂದು ದೊಡ್ಡ ಡಬ್ಬಿ ಪೀಚ್ ಮತ್ತು ಇಷ್ಟು ಮೈದಾ. ನಾನು ಕೈ ಹಿಸುಕಿಕೊಳ್ಳುತ್ತ ನಿಂತಿದ್ದಾಗ ಅವರು ಒಂದು ಮಾತನ್ನೂ ಆಡದೆ ಬೆಣ್ಣೆಯನ್ನು ಪಾತ್ರೆಗೆ ಹಾಕಿ ಓವನ್‌ನೊಳಗಿಟ್ಟರು, ನನ್ನನ್ನು ಬಾಗಿಲ ಪಕ್ಕದಲ್ಲಿ ನಿಲ್ಲಿಸಿ, "ನೋಡಬೇಡ, ಕೇಳು" ಎಂದರು.

ಕೇಳಬೇಕಾದದ್ದು ಇದು. ಸುಮಾರು ಎಂಟು ಅಂಗುಲದ, ಎರಡು ಅಂಗುಲ ಆಳದ ಪಾತ್ರೆಗೆ ನೂರು ಗ್ರಾಂನಷ್ಟು ಬೆಣ್ಣೆ ಹಾಕಿ, 180 ಡಿಗ್ರಿಗೆ ಹೊಂದಿಸಿದ ಓವನ್ ಬಿಸಿಯಾಗುತ್ತಿರುವಾಗಲೇ ಒಳಗಿಡಿ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಭಾಗ ನೀರೇ ಇರುತ್ತದೆ. ಬೆಣ್ಣೆ ಮೊದಲು ಸದ್ದಿಲ್ಲದೆ ಕರಗುತ್ತದೆ, ಬಳಿಕ ಆ ನೀರು ಆವಿಯಾಗಲು ಹೊರಟು ಚಿಟಿಚಿಟಿ ಎನ್ನುತ್ತದೆ, ಮೇಲೆ ಬಿಳಿ ನೊರೆ ಏಳುತ್ತದೆ. ಬಹಳ ಮಂದಿ ಈ ಹಂತದಲ್ಲೇ ಅವಸರಪಟ್ಟು ಪಾತ್ರೆಯನ್ನು ಹೊರಗೆ ತೆಗೆಯುತ್ತಾರೆ. ಇನ್ನೂ ಕಾಯಬೇಕು. ಸ್ವಲ್ಪ ಹೊತ್ತಿಗೆ ಚಿಟಿಚಿಟಿ ಸದ್ದು ಇಳಿಯುತ್ತದೆ, ನೊರೆ ತೆಳುವಾಗುತ್ತದೆ, ತಳದಲ್ಲಿ ಸಣ್ಣ ಸಣ್ಣ ಹೊಂಬಣ್ಣದ ಕಣಗಳು ಕಾಣುತ್ತವೆ, ಹುರಿದ ಬಾದಾಮಿಯ ಪರಿಮಳ ಓವನ್ನಿನ ಸಂದಿಯಿಂದ ಬರುತ್ತದೆ. ಸದ್ದು ನಿಂತು ಪರಿಮಳ ಬಂದ ಆ ಹೊತ್ತೇ ಸರಿಯಾದ ಹೊತ್ತು. ಅದಾದ ಮೇಲೆ ಎರಡು ನಿಮಿಷ ಮೈಮರೆತರೂ ಕಣಗಳು ಕಪ್ಪಾಗಿ ಬೆಣ್ಣೆ ಕಹಿಯಾಗುತ್ತದೆ, ಹಾಗಾದರೆ ಅದನ್ನು ಚೆಲ್ಲಿ ಹೊಸ ಬೆಣ್ಣೆಯನ್ನೇ ಇಡಬೇಕು.

ಹಿಟ್ಟನ್ನು ಕಲಸುವುದು ಬೆಣ್ಣೆ ಚಿಟಿಚಿಟಿ ಎನ್ನತೊಡಗಿದ ಮೇಲೆ. ಅದಕ್ಕೂ ಮೊದಲು ಕಲಸಿಟ್ಟರೆ ಬೇಕಿಂಗ್ ಪೌಡರ್ ಹಾಲು ತಾಗಿದ ಕೂಡಲೇ ಕೆಲಸ ಶುರುಮಾಡಿ, ಓವನ್‌ಗೆ ಹೋಗುವ ಹೊತ್ತಿಗೆ ಅರ್ಧ ಸುಸ್ತಾಗಿರುತ್ತದೆ. ಹಾಲು ಫ್ರಿಜ್‌ನಿಂದ ಆಗಲೇ ತೆಗೆದದ್ದಾಗಿರಬಾರದು, ತಣ್ಣನೆಯ ಹಿಟ್ಟು ಬಿದ್ದರೆ ಬೆಣ್ಣೆ ಗಕ್ಕನೆ ಹೆಪ್ಪುಗಟ್ಟುತ್ತದೆ, ಪಾತ್ರೆ ಗಾಜಿನದಾಗಿದ್ದರೆ ಸೀಳುವ ಭಯವೂ ಇದೆ. ಒಣಪುಡಿ ಕಾಣದಷ್ಟು ಕಲಸಿದರೆ ಸಾಕು. ಅಲ್ಲೊಂದು ಇಲ್ಲೊಂದು ಗಂಟು ಉಳಿದರೂ ಚಿಂತೆಯಿಲ್ಲ. ಹೆಚ್ಚು ಕಲಸಿದಷ್ಟೂ ಮೈದಾ ಜಿಗುಟಾಗಿ ಮೇಲ್ಪದರ ರಬ್ಬರಿನಂತಾಗುತ್ತದೆ. ಸೌಟಿನಿಂದ ಎತ್ತಿ ಬಿಟ್ಟರೆ ಹಿಟ್ಟು ಅಗಲವಾದ ಪಟ್ಟಿಯಂತೆ ಇಳಿದು, ಒಂದು ಕ್ಷಣ ಗುರುತು ಉಳಿಸಿ ಮಾಯವಾಗಬೇಕು.

ಪಾತ್ರೆಯನ್ನು ಹೊರಗೆ ತೆಗೆದು, ಹಿಟ್ಟನ್ನು ನಡುವಿಗೆ, ಒಂದೇ ಜಾಗಕ್ಕೆ, ಸಾವಧಾನವಾಗಿ ಸುರಿಯಿರಿ. ಬೆಣ್ಣೆ ತಾನಾಗಿಯೇ ಅಂಚಿಗೆ ಸರಿದು ಹಿಟ್ಟಿನ ಸುತ್ತ ಚಿನ್ನದ ಬಳೆಯಂತೆ ನಿಲ್ಲುತ್ತದೆ, ಸ್ವಲ್ಪ ಹಿಟ್ಟಿನ ಮೇಲೂ ಹರಿಯುತ್ತದೆ. ನೋಡಲು ಇದು ತಪ್ಪಾದಂತೆಯೇ ಕಾಣುತ್ತದೆ. ಬೆಣ್ಣೆ ಬೇರೆ, ಹಿಟ್ಟು ಬೇರೆ ನಿಂತದ್ದನ್ನು ಕಂಡ ಕೂಡಲೇ ಬೆರೆಸಬೇಕೆಂದು ಕೈ ತುರಿಸುವುದು ಸಹಜ. ಬೆರೆಸಬೇಡಿ. ಆ ಬೆಣ್ಣೆಯಲ್ಲೇ ಅಂಚು ಹುರಿದು ಗರಿಗರಿಯಾಗಬೇಕು. ಈಗ ಬೆಚ್ಚಗಿರುವ ಹಣ್ಣನ್ನು, ಮೂರು ನಾಲ್ಕು ಚಮಚ ರಸದೊಂದಿಗೆ, ಹಿಟ್ಟಿನ ಹತ್ತಿರಕ್ಕೆ ಚಮಚವನ್ನು ತಂದು, ಒಂದೊಂದೇ ಚಮಚದಂತೆ ಅಲ್ಲಲ್ಲಿ ಇಳಿಸಿ. ಚಮಚದ ತುದಿ ಹಿಟ್ಟಿಗೆ ತಾಗಬಾರದು. ಹಣ್ಣನ್ನು ಎತ್ತರದಿಂದ ದಬದಬನೆ ಸುರಿದರೆ ಅದು ಹಿಟ್ಟನ್ನು ಸೀಳಿಕೊಂಡು ತಳ ಸೇರುತ್ತದೆ, ರಸವೆಲ್ಲ ಹಿಟ್ಟಿನಲ್ಲಿ ಬೆರೆಯುತ್ತದೆ. ಓವನ್ನಿನೊಳಗೆ ಮುಂದಿನದು ತಾನೇ ನಡೆಯುತ್ತದೆ: ಭಾರವಾದ ಹಣ್ಣು ನಿಧಾನವಾಗಿ ಕೆಳಗಿಳಿಯುತ್ತದೆ, ಹಿಟ್ಟು ಉಬ್ಬುತ್ತ ಹಣ್ಣಿನ ಸುತ್ತಲಿಂದ ಮೇಲೆದ್ದು ಅದನ್ನು ಮುಚ್ಚಿಕೊಳ್ಳುತ್ತದೆ. ಕೆಳಗಿದ್ದದ್ದು ಮೇಲೆ, ಮೇಲಿದ್ದದ್ದು ಕೆಳಗೆ. ಅಂದು ಓವನ್ನಿನ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಆ ಅದಲುಬದಲನ್ನು ನೋಡಿದ ಬೆರಗು ನನಗೆ ಇನ್ನೂ ಹೋಗಿಲ್ಲ. ಕಲಕಿದವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಬೆಣ್ಣೆಯೂ ರಸವೂ ಬೆರೆತ ಹಿಟ್ಟು ಭಾರವಾಗಿ ಏಳಲಾರದೆ ಕುಳಿತುಬಿಡುತ್ತದೆ.

ಪಾತ್ರೆ ಮುಕ್ಕಾಲಿಗಿಂತ ಹೆಚ್ಚು ತುಂಬಿರಬಾರದು. ಕೆಳಗಿನ ಅಂತಸ್ತಿನಲ್ಲಿ ಒಂದು ಅಗಲವಾದ ತಟ್ಟೆ ಇಡಿ. ಉಕ್ಕಿದ ಪಾಕ ಓವನ್ನಿನ ತಳಕ್ಕೆ ಬಿದ್ದು ಸುಟ್ಟರೆ ಅದನ್ನು ಕೆರೆಯುವುದರಲ್ಲಿ ಮರುದಿನ ಕಳೆಯುತ್ತದೆ. 40 ರಿಂದ 50 ನಿಮಿಷ ಬೇಕು, ಮೊದಲ ಅರ್ಧ ಗಂಟೆ ಬಾಗಿಲು ತೆರೆಯಬೇಡಿ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮೇಲಿಡಿ. ಬಣ್ಣವೊಂದನ್ನೇ ನಂಬಿ ಹೊರಗೆ ತೆಗೆದವರು ನಡುವಿನ ಹಸಿ ಹಿಟ್ಟನ್ನು ತಿಂದಿದ್ದಾರೆ. ಹಣ್ಣಿಲ್ಲದ ಕಡೆ, ನಡುವಿನ ಉಬ್ಬಿದ ಭಾಗಕ್ಕೆ ಕಡ್ಡಿ ಚುಚ್ಚಿ ನೋಡಿ; ರಸ ಅಂಟಿದರೆ ತೊಂದರೆಯಿಲ್ಲ, ಬಿಳಿ ಹಿಟ್ಟು ಅಂಟಿದರೆ ಇನ್ನೂ ಬೇಯಬೇಕು. ಅಂಚಿನಲ್ಲಿ ಏಳುವ ಗುಳ್ಳೆಗಳನ್ನೂ ಗಮನಿಸಿ. ತೆಳುವಾಗಿ ಬೇಗಬೇಗ ಒಡೆಯುತ್ತಿದ್ದ ಗುಳ್ಳೆಗಳು ದಪ್ಪಗಾಗಿ, ನಿಧಾನವಾಗಿ ಒಡೆಯತೊಡಗಿದರೆ ಪಾಕ ಹದಕ್ಕೆ ಬಂದಿದೆ ಎಂದೇ ಅರ್ಥ.

ಹೊರಗೆ ತೆಗೆದ ಕೂಡಲೇ ಬಡಿಸಬೇಡಿ. ಹದಿನೈದು ಇಪ್ಪತ್ತು ನಿಮಿಷ ಆರಿದರೆ ರಸ ಗಟ್ಟಿಯಾಗುತ್ತದೆ. ಅಲ್ಲದೆ ಆ ಸಕ್ಕರೆಯ ರಸ ನಾಲಿಗೆಗೆ ಅಂಟಿ ಸುಡುತ್ತದೆ, ಮಕ್ಕಳಿರುವ ಮನೆಯಲ್ಲಿ ಪಾತ್ರೆಯನ್ನು ಮೇಜಿನ ಒಳಭಾಗಕ್ಕೆ ತಳ್ಳಿಡಿ. ಆರುವಾಗ ಮುಚ್ಚಳ ಹಾಕುವುದು ಬೇಡ. ಮುಚ್ಚಿದರೆ ಆವಿ ಹನಿಯಾಗಿ ಮೇಲೆಯೇ ಬಿದ್ದು, ಅಷ್ಟು ಕಾದು ಪಡೆದ ಗರಿಗರಿ ಅಂಚು ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತೆಗೆದಿಟ್ಟಿದ್ದ ಪಾಕವನ್ನು ಈಗ ಸಣ್ಣ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬಡಿಸುವಾಗ ಮೇಲೆ ಒಂದು ಚಮಚ ಹಾಕಿ.

ಉಳಿದದ್ದು ಪೂರ್ತಿ ತಣಿದ ಮೇಲೆ ಫ್ರಿಜ್ ಸೇರಲಿ, ಎರಡು ಮೂರು ದಿನ ಚೆನ್ನಾಗಿರುತ್ತದೆ. ಮತ್ತೆ ಬಿಸಿ ಮಾಡುವುದು ಓವನ್ನಿನಲ್ಲೇ ಆಗಬೇಕು. ಮೈಕ್ರೋವೇವ್‌ನಲ್ಲಿಟ್ಟರೆ ಹಣ್ಣು ಕುದಿಯುತ್ತದೆ, ಮೇಲ್ಪದರ ಒದ್ದೆ ಬಟ್ಟೆಯಂತಾಗುತ್ತದೆ. ಖಾಲಿಯಾದ ಗಾಜಿನ ಪಾತ್ರೆಯನ್ನು ಬಿಸಿಯಿರುವಾಗಲೇ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದು ಒಡೆದುಕೊಂಡವರನ್ನು ನಾನು ಬಲ್ಲೆ, ಅವರಲ್ಲಿ ನನ್ನ ಸೊಸೆಯೂ ಒಬ್ಬಳು. ಅದು ತಾನಾಗಿ ತಣಿಯಲಿ, ಆಮೇಲೆ ಬಿಸಿನೀರು ತುಂಬಿ ಒಂದು ಚಮಚ ಅಡುಗೆ ಸೋಡಾ ಉದುರಿಸಿ ರಾತ್ರಿಯೆಲ್ಲ ನೆನೆಯಲು ಬಿಡಿ. ಬೆಳಿಗ್ಗೆ ಅಂಚಿಗೆ ಹಿಡಿದ ಕರಿ ಪಾಕ ತಂತಿಬ್ರಷ್ ಇಲ್ಲದೆ, ಬರಿಯ ಬಟ್ಟೆಗೇ ಬಿಟ್ಟುಬರುತ್ತದೆ.