ಹದಿನೆಂಟು ವಾರದ ಗರ್ಭಪಾತ: ಗರ್ಭಕಂಠ ಹದವಾಗಲು ಬಿಡುವ ನನ್ನ ಕ್ರಮ

ಮೂರು ತಿಂಗಳು ದಾಟಿದ ಗರ್ಭವನ್ನು ಮಾತ್ರೆಯಿಂದ ತೆಗೆಸುವಾಗ ನಾನು ಮೊದಲು ನೋಡುವುದು ಗರ್ಭಕಂಠವನ್ನು. ಅದು ಮೆತ್ತಗಾಗುವ ಮೊದಲೇ ನೋವು ಬಲಿತರೆ ಹೊತ್ತು ಎಳೆಯುತ್ತದೆ. ಚೊಚ್ಚಲಿನವರಲ್ಲಿ, ಅಪರೂಪಕ್ಕೆ, ಬಾಯಿ ತೆರೆಯದೆ ಕಂಠದ ಹಿಂಬದಿಯೇ ಹರಿದು ಭ್ರೂಣ ಅಲ್ಲಿಂದ ಹೊರಬೀಳುವುದೂ ಉಂಟು.

ಸ್ಕ್ಯಾನ್‌ನಲ್ಲಿ ವಾರ ಮತ್ತು ಕಸ (ಮಾಸು, ಪ್ಲಾಸೆಂಟಾ) ಇರುವ ಜಾಗ, ಹಿಮೋಗ್ಲೋಬಿನ್, ರಕ್ತದ ಗುಂಪು, ಫಾರ್ಮ್ ಸಿ ಎಂಬ ಒಪ್ಪಿಗೆ ಪತ್ರಕ್ಕೆ ಸಹಿ ಇಷ್ಟು ಮುಗಿದಿರಬೇಕು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು; ಗರ್ಭಪಾತ ಕಾಯ್ದೆಯ (ಎಂಟಿಪಿ) 2021ರ ತಿದ್ದುಪಡಿಯಂತೆ 20ರಿಂದ 24 ವಾರಕ್ಕೆ ಇಬ್ಬರದು ಬೇಕು, ಅದೂ ನಿಗದಿತ ವರ್ಗದವರಿಗೆ ಮಾತ್ರ.

ಮೊದಲ ದಿನ ಮಿಫೆಪ್ರಿಸ್ಟೋನ್ 200 ಮಿ.ಗ್ರಾಂ, ನನ್ನೆದುರೇ ನುಂಗಬೇಕು. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಕೊಡುವುದಿಲ್ಲ. ಗರ್ಭ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್‌ನ ಕೆಲಸ ನಿಂತು ಕಂಠ ಸಡಿಲವಾಗಲು, ಗರ್ಭಕೋಶ ಮುಂದಿನ ಔಷಧಿಗೆ ಚೆನ್ನಾಗಿ ಸ್ಪಂದಿಸಲು 24ರಿಂದ 48 ಗಂಟೆ ಬೇಕು. ಬೆಡ್ ಖಾಲಿ ಮಾಡುವ ಅವಸರಕ್ಕೆ ಈ ಅವಧಿಯನ್ನು ಮೊಟಕು ಮಾಡಿದರೆ ಆ ಗಂಟೆಗಳನ್ನು ಮರುದಿನ ಲೇಬರ್ ವಾರ್ಡಿನಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಈ ನಡುವೆಯೇ ಕೆಲವರಿಗೆ ರಕ್ತಸ್ರಾವ ಶುರುವಾಗುತ್ತದೆ. ಹಾಗಾದರೆ ಕೂಡಲೇ ಬರಬೇಕೆಂದು ಹೇಳಿಯೇ ಕಳಿಸುತ್ತೇನೆ.

ಆಮೇಲೆ ದಾಖಲು ಮಾಡಿಕೊಂಡು, ಗರ್ಭಕೋಶಕ್ಕೆ ನೋವು ಬರಿಸುವ ಮಿಸೊಪ್ರೊಸ್ಟಾಲ್ 400 ಮೈಕ್ರೋಗ್ರಾಂ, ಅಂದರೆ 200ರ ಎರಡು ಮಾತ್ರೆ, ಮೂರು ಗಂಟೆಗೊಮ್ಮೆ. ಮೊದಲ ಡೋಸ್ ಯೋನಿಯಲ್ಲಿ ಆಳಕ್ಕೆ ಇಡುತ್ತೇನೆ. ರಕ್ತ ಬರತೊಡಗಿದರೆ ಮಾತ್ರೆ ಕೊಚ್ಚಿಹೋಗುವುದರಿಂದ ನಾಲಿಗೆಯಡಿಗೆ ಬದಲಿಸುತ್ತೇನೆ. ಆಗ ಚಳಿ, ಜ್ವರ ತುಸು ಹೆಚ್ಚು. ಔಷಧಿ ನಿಲ್ಲಿಸಿದ ಮೇಲೂ ಜ್ವರ ಇಳಿಯದಿದ್ದರೆ ಸೋಂಕನ್ನು ಹುಡುಕಬೇಕು. ನೋವಿಗೆ ಐಬುಪ್ರೊಫೆನ್ ಮೊದಲೇ ಕೊಡಿ, ಅದರಿಂದ ಮಿಸೊಪ್ರೊಸ್ಟಾಲ್ ಕೆಲಸ ಕುಗ್ಗುವುದಿಲ್ಲ.

ಲ್ಯಾಮಿನೇರಿಯಾ, ಡಿಲಪಾನ್ ಕಡ್ಡಿಗಳು ನೀರು ಹೀರಿ ಉಬ್ಬಿ ಕಂಠ ಹಿಗ್ಗಿಸುತ್ತವೆ. ಶಸ್ತ್ರಕ್ರಿಯೆಯಿಂದ ತೆಗೆಯುವಾಗ ಅವು ಉಪಯೋಗಕ್ಕೆ ಬರುತ್ತವೆ. ಮಾತ್ರೆಯಿಂದ ತೆಗೆಸುವಾಗ, ಮಿಫೆಪ್ರಿಸ್ಟೋನ್ ಕೊಟ್ಟಾದ ಮೇಲೆ, ಅವು ನೋವು ಹೆಚ್ಚಿಸುತ್ತವೆ, ಸಮಯ ಉಳಿಸುವುದಿಲ್ಲ. ಫೋಲೀ ಬಲೂನಿನ (ತುದಿಯಲ್ಲಿ ಬಲೂನಿರುವ ನಳಿಕೆಯ) ಜೊತೆ ಎಥಾಕ್ರಿಡೀನ್ ದ್ರಾವಣವನ್ನು ಗರ್ಭಕೋಶದೊಳಗೆ ತುಂಬುವ ಹಳೆಯ ಪದ್ಧತಿಯನ್ನು ನಾನು ಬಿಟ್ಟಿದ್ದೇನೆ.

ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ ನೋವು ಇದ್ದಕ್ಕಿದ್ದಂತೆ ನಿಂತು ನಾಡಿ ಏರಿದರೆ ಗರ್ಭಕೋಶ ಹರಿದಿದೆ ಎಂದೇ ಹೊರಡಬೇಕು. ಕಸ ಹಳೆಯ ಗಾಯದ ಮೇಲೆ ಕೂತಿದ್ದರೆ ರಕ್ತನಿಧಿ, ಶಸ್ತ್ರಚಿಕಿತ್ಸೆ ಎರಡೂ ಇರುವ ದೊಡ್ಡ ಆಸ್ಪತ್ರೆಗೆ ಮೊದಲೇ ಕಳಿಸಿ. ಮಿಸೊಪ್ರೊಸ್ಟಾಲ್ ನಡೆಯುತ್ತಿರುವಾಗ ಆಕ್ಸಿಟೋಸಿನ್ ಡ್ರಿಪ್ ಬೇಡ.

ಭ್ರೂಣ ಬಂದ ಮೇಲೆ ರಕ್ತಸ್ರಾವ ಇಲ್ಲದಿದ್ದರೆ ಕಸಕ್ಕೆ ಕಾಯಿರಿ, ಹೊಕ್ಕುಳಬಳ್ಳಿ ಎಳೆಯಬೇಡಿ, ಅದು ಕಿತ್ತುಬರುತ್ತದೆ. ಗರ್ಭಕೋಶ ಗಟ್ಟಿಯಾಗಿದ್ದೂ ರಕ್ತ ಹರಿಯುತ್ತಿದ್ದರೆ ಒಳ್ಳೆಯ ಬೆಳಕಿನಲ್ಲಿ ಸ್ಪೆಕ್ಯುಲಮ್ (ಯೋನಿ ಅಗಲಿಸುವ ಉಪಕರಣ) ಹಾಕಿ ಕಂಠ ಹರಿದಿದೆಯೇ ಎಂದು ಸುತ್ತಲೂ ನೋಡಿ. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು 300 ಮೈಕ್ರೋಗ್ರಾಂ. ಈ ವಾರಗಳಲ್ಲಿ ಎದೆಹಾಲು ಇಳಿಯಬಹುದು, ಅದನ್ನು ಮನೆಗೆ ಹೋಗುವ ಮುಂಚೆಯೇ ಆಕೆಗೆ ಹೇಳಿರಬೇಕು.